ಸೋಡಚೀಟಿ, ನಡತಿ, ಹೊಟ್ಟಿಪಾಡು

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡಿ ಹಿರ್ಯಾರ ಬಾಯಾಗ "ಸೋಡಚೀಟಿ" ಅನ್ನೋ ಮಾತು ಇನ್ನೂ ಅದ. ಮೊದಲ ಭಾಳ ಜಾತಿಯೊಳಗ ಗಂಡ-ಹೆಂಡ್ತಿ ಬಿಡಬೇಕಂದ್ರ ಕುಲದ ಪಂಚರು ಕೂತು ತೀರ್ಮಾನ ಮಾಡ್ತಿದ್ರು. ಸೋಡಚೀಟಿ ಆದಾಕಿ ಉಡಿಕಿ ಮಾಡ್ಕೊಂಡು ಮತ್ತೊಂದ ಮನಿ ಸೇರಬಹುದಿತ್ತು. ಆದ್ರ ಪಂಚರ ಮುಂದ ಬರೋ ತಪ್ಪು ಹೆಚ್ಚಾಗಿ ಹೆಂಡ್ತಿ ನಡತೀದೇ. ಗಂಡ ಇನ್ನೊಬ್ಬಾಕೀನ ಇಟ್ಕೊಂಡ್ರ ಅದನ್ನ ತಪ್ಪಂತ ಎಣಸೋದು ಕಮ್ಮಿ.

ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗ ಇದ್ವಿ. ಹುಣಸಗಿ ದಾಟಿ ತಾಳಿಕೋಟಿಗಿ ಹೋದ್ರ ಮುಂಬೈ ಪ್ರಾಂತ. ಅಲ್ಲಿ 1946ರ ಕಾಯ್ದೆ ಹಿಂದೂ ಗಂಡಸರ ಎರಡನೇ ಮದಿವಿ ಬಂದ್ ಮಾಡಿತು. ಗಂಡ ಇನ್ನೊಬ್ಬಾಕೀನ ಇಟ್ಕೊಂಡಿದ್ರ ಹೆಂಡ್ತಿ ಕೋರ್ಟಿನಾಗ ಬಿಡುಗಡಿ ಕೇಳಬಹುದು ಅಂತ 1947ರ ಕಾಯ್ದೆ ಹೇಳಿತು. ಅಕ್ಕನ್ನ ತಾಳಿಕೋಟಿಗಿ, ತಂಗೀನ ಹುಣಸಗಿಗಿ ಕೊಟ್ಟಿದ್ರ ಇಬ್ಬರಿಗೂ ನ್ಯಾಯ ಬ್ಯಾರೆ ಬ್ಯಾರೆ! 1955ರ ಹಿಂದೂ ವಿವಾಹ ಕಾಯ್ದೆ ಬಂದ ಮ್ಯಾಲೇ ಎರಡೂ ಕಡಿ ಒಂದಾಯ್ತು. ಗಂಡಂದಾಗ್ಲಿ ಹೆಂಡ್ತೀದಾಗ್ಲಿ, ಹಾದರ ವಿಚ್ಛೇದನಕ್ಕ ಕಾರಣ. ಮೊದಲ "ಹಾಂಗೇ ಬಾಳ್ವಿ ನಡಸಾಕತ್ತಾರ" ಅಂತ ತೋರಸಬೇಕಿತ್ತು. 1976ರ ತಿದ್ದುಪಡಿ ಆದಮ್ಯಾಲೆ ಒಂದು ಸಲ ಆದ್ರೂ ಸಾಕು. 2018ರಾಗ ಸುಪ್ರೀಂ ಕೋರ್ಟು ಹಾದರ ಜೇಲಿನ ಅಪರಾಧ ಅಲ್ಲ ಅಂದ್ರೂ, ವಿಚ್ಛೇದನದ ಕಾರಣ ಹಾಂಗೇ ಉಳೀತು.

ಮದಿವಿ ಮುರಿಯೋದು ಒಂದು ಮಾತು, ಹೊಟ್ಟಿಪಾಡು ಇನ್ನೊಂದು. ಹೆಂಡ್ತಿ ಬ್ಯಾರೆಯವನ ಸಂಗಟ ಬಾಳ್ವಿ ಮಾಡ್ತಾಳಂತ ಸಾಬೀತಾದ್ರ ಜೀವನಾಂಶ ಹೋಗ್ತದ. 2024ರ ಜುಲೈದಾಗ ಜಾರಿಯಾದ ಹೊಸ ಸಂಹಿತಿಯೊಳಗೂ ಇದೇ ನೇಮ ಅದ. ಗಂಡ ಇನ್ನೊಬ್ಬಾಕೀನ ಇಟ್ಕೊಂಡಿದ್ರ ಹೆಂಡ್ತಿ ದೂರ ಇದ್ದು ಜೀವನಾಂಶ ಕೇಳಬಹುದು, ಖರೆ. ಆದ್ರ ಅಷ್ಟಕ್ಕ ಅವನ ಹೊಲ-ಮನಿ ಹೋಗಂಗಿಲ್ಲ. ಅಂದ್ರ ಆಕಿ ತಪ್ಪಿಗಿ ಆಕಿ ಅನ್ನ ಹೋಗ್ತದ, ಅವನ ತಪ್ಪಿಗಿ ಅವನ ಆಸ್ತಿ ಅವನ ಹತ್ರೇ ಉಳೀತದ.

ನನಗ ಅನ್ನಸೋದು ಇಷ್ಟು. ನಂಬಿಕಿ ಮುರಿದ್ರ ಮದಿವಿ ಮುರೀಲಿ, ಇಬ್ಬರಿಗೂ ಆ ಹಕ್ಕು ಇರ್ಲಿ. ಆದ್ರ ಇಪ್ಪತ್ತು ವರ್ಷ ಹತ್ತಿ ಬಿಡಸಿ, ರೊಟ್ಟಿ ಬಡದು, ಅತ್ತಿ-ಮಾವನ್ನ ನೋಡ್ಕೊಂಡ ದುಡಿಮಿ ಒಂದು ತಪ್ಪಿಗಿ ಅಳಿಸಿ ಹೋಗಬಾರದು.

ಅವ್ವಗೋಳೆ, ಅಕ್ಕಗೋಳೆ, ಇಷ್ಟು ನೆನಪಿಡ್ರಿ: ಬರೇ ಸಂಶೇಕ ಜೀವನಾಂಶ ತಪ್ಪಂಗಿಲ್ಲ, ಅಂದವರೇ ಸಾಬೀತು ಮಾಡಬೇಕು. ತವರಿನವರು ನಿಮಗಂತ ಕೊಟ್ಟ ಬಂಗಾರ ನಿಮ್ಮದೇ. ಮಕ್ಕಳ ಖರ್ಚಿಗಿ ತಾಯಿ ನಡತಿ ಅಡ್ಡ ಬರಂಗಿಲ್ಲ. ಪಂಚರ ಕಾಗದಕ್ಕ ಹೆಬ್ಬಟ್ಟು ಒತ್ತೋಕಿಂತ ಮೊದಲ ವಕೀಲರಿಗಿ ತೋರಸ್ರಿ.