ಚಾವಣಿ ಕೆಲಸದಲ್ಲಿ ಬೀಳುವಿಕೆಯ ತಡೆ

ಚಾವಣಿ ಕೆಲಸದಲ್ಲಿ ಬೀಳುವಿಕೆಯ ತಡೆ ಎಂದರೆ ಕಟ್ಟಡಗಳ ಮಾಡನ್ನು ಕಟ್ಟುವಾಗ, ದುರಸ್ತಿ ಮಾಡುವಾಗ ಅಥವಾ ಕಳಚುವಾಗ ಕೆಲಸಗಾರರು ಎತ್ತರದಿಂದ ಬೀಳದಂತೆ ಕೈಗೊಳ್ಳುವ ಕ್ರಮಗಳ ಒಟ್ಟು ಹೆಸರು. ಬಹುಮಹಡಿ ಕಟ್ಟಡಗಳಿಗೆ ಮಾತ್ರ ಇದು ಅಗತ್ಯವೆಂಬ ಭಾವನೆ ಸಾಮಾನ್ಯವಾಗಿದ್ದರೂ, ತಗ್ಗಿನ ಹೆಂಚಿನ ಮನೆಗಳಿಂದ ಬಿದ್ದವರಿಗೂ ತಲೆ ಹಾಗೂ ಬೆನ್ನುಮೂಳೆಗೆ ಮಾರಕ ಪೆಟ್ಟಾಗಬಲ್ಲದು. 4 ಮೀಟರ್ ಎತ್ತರದಿಂದ ಬೀಳುವ ವ್ಯಕ್ತಿ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ, ಗಂಟೆಗೆ ಸುಮಾರು 32 ಕಿ.ಮೀ. ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ.

ಕರಾವಳಿಯ ಹಿನ್ನೆಲೆ

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅದುವರೆಗೆ ಹುಲ್ಲು ಮತ್ತು ಸೋಗೆಯ ಮಾಡುಗಳೇ ಹೆಚ್ಚಾಗಿದ್ದ ಕರಾವಳಿಯಲ್ಲಿ ಮಂಗಳೂರು ಹೆಂಚು ಕ್ರಮೇಣ ವ್ಯಾಪಕವಾಯಿತು. ನೇತ್ರಾವತಿಯ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ತೊಕ್ಕೊಟ್ಟು, ಉಳ್ಳಾಲ ಮೊದಲಾದ ಕಡೆ ಹಳೆಯ ಹೆಂಚಿನ ಮನೆಗಳು, ತಾರಸಿ ಮನೆಗಳು ಹಾಗೂ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡು ಹೊದಿಸಿದ ಮನೆಗಳು ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ.

ಈ ಪ್ರದೇಶದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಆದ್ದರಿಂದ ಒಡೆದ ಹೆಂಚು ಬದಲಾಯಿಸುವ ಕೆಲಸ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಒಮ್ಮೆಲೇ ಒದಗುತ್ತದೆ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮಳೆ ಸಮೀಪಿಸುವುದರಿಂದ ಅವಸರ ಹೆಚ್ಚು. ಮಳೆ ಹಿಡಿದ ಮೇಲೆ ಸೋರಿಕೆ ಕಂಡು ಒದ್ದೆಯಾದ, ಪಾಚಿಗಟ್ಟಿದ ಮಾಡನ್ನು ಹತ್ತುವುದು ಇನ್ನೂ ಅಪಾಯಕರ.

ಬೀಳುವಿಕೆಗೆ ಕಾರಣಗಳು

ಸುಮಾರು 2ರಿಂದ 3 ಕಿ.ಗ್ರಾಂ. ತೂಗುವ ಮಂಗಳೂರು ಹೆಂಚನ್ನು ಸಾಮಾನ್ಯವಾಗಿ ಮೊಳೆ ಹೊಡೆದು ಕೂರಿಸುವುದಿಲ್ಲ. ಅದು ತನ್ನ ಅಡಿಯ ಹಲ್ಲುಗಳಿಂದ ರೀಪಿಗೆ ಸಿಕ್ಕಿಕೊಂಡು, ಸ್ವಂತ ಭಾರದಿಂದಲೇ ನಿಲ್ಲುತ್ತದೆ. ಎರಡು ರೀಪುಗಳ ನಡುವಿನ ಭಾಗದ ಮೇಲೆ ಕಾಲಿಟ್ಟರೆ ಹೆಂಚು ಒಡೆಯಬಹುದು ಅಥವಾ ಜಾರಬಹುದು. ಬೀಳುವಿಕೆಯ ಮುಖ್ಯ ಕಾರಣಗಳು ಇವು:

• ಗೆದ್ದಲು ಹಿಡಿದ ಅಥವಾ ನೀರು ಕುಡಿದು ಕುಂಬಾದ ರೀಪು ಮತ್ತು ಪಕಾಸುಗಳು ಮುರಿಯುವುದು.
• ಬೆಳಕಿಗಾಗಿ ಹಾಕಿದ ಗಾಜಿನ ಹೆಂಚು, ಸಿಮೆಂಟ್ ಶೀಟು ಅಥವಾ ಪಾರದರ್ಶಕ ಶೀಟಿನ ಮೇಲೆ ಕಾಲಿಡುವುದು. ಧೂಳು, ಪಾಚಿ ಮುಚ್ಚಿದಾಗ ಇವುಗಳ ಗುರುತು ಸಿಗುವುದಿಲ್ಲ.
• ಸೂರಿನ ಅಂಚಿನಲ್ಲಿ ಆಯ ತಪ್ಪುವುದು, ಏಣಿ ಜಾರುವುದು.
• ತಗಡಿನ ಹಾಳೆಯನ್ನು ಹಿಡಿದಿರುವಾಗ ಗಾಳಿ ಬೀಸುವುದು.
• ವಿದ್ಯುತ್ ತಂತಿ ತಗುಲಿ ಹಿಡಿತ ತಪ್ಪುವುದು.

ತಡೆಯ ಕ್ರಮಗಳು

ಸುರಕ್ಷತಾ ಶಾಸ್ತ್ರವು ಈ ಕ್ರಮಗಳನ್ನು ಮೂರು ಹಂತಗಳಲ್ಲಿ ಜೋಡಿಸುತ್ತದೆ. ಎತ್ತರಕ್ಕೆ ಹೋಗುವ ಅಗತ್ಯವನ್ನೇ ತಪ್ಪಿಸುವುದು ಮೊದಲನೆಯದು. ಹೋಗಲೇಬೇಕಾದಲ್ಲಿ ಬೀಳದಂತೆ ತಡೆಯುವುದು ಎರಡನೆಯದು. ಬಿದ್ದರೂ ಪೆಟ್ಟಾಗದಂತೆ ಹಿಡಿಯುವುದು ಕೊನೆಯದು. ಬ್ರಿಟನ್ನಿನ 2005ರ ಎತ್ತರದ ಕೆಲಸಗಳ ನಿಯಮಗಳು ಇದೇ ಕ್ರಮವನ್ನು ಅನುಸರಿಸುತ್ತವೆ.

ಒಂದೆರಡು ಹೆಂಚು ಮಾತ್ರ ಬದಲಿಸಬೇಕಿದ್ದರೆ, ಮುಚ್ಚಿಗೆಯಿಲ್ಲದ ಮನೆಗಳಲ್ಲಿ ಒಳಗಿನಿಂದಲೇ ಸ್ಥಿರವಾದ ಅಟ್ಟಣಿಗೆಯ ಮೇಲೆ ನಿಂತು ಹೆಂಚನ್ನು ಎತ್ತಿ ಸೇರಿಸಬಹುದು. ಮೇಲೇರಬೇಕಾದರೆ ಮೊದಲು ಒಳಗಿನಿಂದ ಮರಮಟ್ಟನ್ನು ಪರೀಕ್ಷಿಸಬೇಕು. ಹೆಂಚಿನ ಮೇಲೆ ನೇರವಾಗಿ ನಡೆಯದೆ, ಕೋಡಿಗೆ ಕೊಕ್ಕೆ ಹಾಕಿ ಮಲಗಿಸಿದ ಮಾಡಿನ ಏಣಿಯನ್ನು ಬಳಸಿದರೆ ಭಾರ ಹಲವು ಪಕಾಸುಗಳಿಗೆ ಹಂಚಿಹೋಗುತ್ತದೆ. ಸೂರಿನ ಉದ್ದಕ್ಕೂ ಕಟಕಟೆಯಿರುವ ಸಾರುವೆ ಕಟ್ಟಿದರೆ ಅಂಚಿನಿಂದ ಬೀಳುವುದು ತಪ್ಪುತ್ತದೆ.

ನೆಲದಿಂದ ಹತ್ತುವ ಏಣಿಯನ್ನು 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಹೊರಕ್ಕೆ ಬರುವಂತೆ ಇಟ್ಟು, ತುದಿ ಸೂರಿಗಿಂತ ಸುಮಾರು 1 ಮೀಟರ್ ಮೇಲಿರುವಂತೆ ಕಟ್ಟಬೇಕು. ತಂತಿ ಹತ್ತಿರವಿದ್ದಲ್ಲಿ ಲೋಹದ ಏಣಿ ಸಲ್ಲದು. ವಿದ್ಯುತ್ ಸರಬರಾಜು ಕಂಪನಿಯ ಮೂಲಕ ಪೂರೈಕೆ ನಿಲ್ಲಿಸಿದ ನಂತರವೇ ಕೆಲಸ ಆರಂಭಿಸಬೇಕು.

ಸುರಕ್ಷತಾ ಪಟ್ಟಿಯ ಮಿತಿ

ಇಡೀ ದೇಹವನ್ನು ಹಿಡಿಯುವ ಸುರಕ್ಷತಾ ಪಟ್ಟಿಗೆ ಐಎಸ್ 3521 ಮತ್ತು ಶಿರಸ್ತ್ರಾಣಕ್ಕೆ ಐಎಸ್ 2925 ಭಾರತೀಯ ಮಾನಕಗಳಾಗಿವೆ. ಆದರೆ ತಗ್ಗಿನ ಮನೆಯಲ್ಲಿ ಪಟ್ಟಿ ಧರಿಸಿದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. 1.8 ಮೀಟರ್ ಹಗ್ಗ, ಆಘಾತ ತಗ್ಗಿಸುವ ಭಾಗದ ಹಿಗ್ಗುವಿಕೆ ಹಾಗೂ ದೇಹದ ಉದ್ದವನ್ನು ಕೂಡಿಸಿದರೆ, ಹಗ್ಗ ಕಟ್ಟಿದ ಸ್ಥಳದಿಂದ ಕೆಳಗೆ 5ರಿಂದ 6 ಮೀಟರ್ ತೆರವು ಬೇಕಾಗುತ್ತದೆ. ಸೂರು ಕೇವಲ 3 ಮೀಟರ್ ಎತ್ತರದಲ್ಲಿದ್ದರೆ ಹಗ್ಗ ಬಿಗಿಯುವ ಮೊದಲೇ ಕೆಲಸಗಾರ ನೆಲ ಮುಟ್ಟಿರುತ್ತಾನೆ. ಆದಕಾರಣ ಇಂಥ ಮನೆಗಳಲ್ಲಿ ಹಗ್ಗವನ್ನು ಅಂಚು ದಾಟಲಾಗದಷ್ಟು ಗಿಡ್ಡವಾಗಿ, ಸಡಿಲವಿಲ್ಲದಂತೆ ಕಟ್ಟುವುದೇ ಸರಿಯಾದ ವಿಧಾನ. ಹಗ್ಗವನ್ನು ರೀಪಿಗಾಗಲಿ ನೀರಿನ ದೋಣಿಗಾಗಲಿ ಕಟ್ಟಬಾರದು. ಬೀಳುವ ದೇಹದ ಸೆಳೆತವನ್ನು ತಾಳುವ ಗಟ್ಟಿಯಾದ ಆಧಾರ ಬೇಕು.

ಕಾನೂನು

1923ರ ನೌಕರರ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯು, ನೆಲದಿಂದ ಮಾಡಿನ ತುದಿಗೆ 12 ಅಡಿ ಅಥವಾ ಹೆಚ್ಚು ಎತ್ತರವಿರುವ ಕಟ್ಟಡದ ನಿರ್ಮಾಣ, ದುರಸ್ತಿ ಮತ್ತು ಕೆಡಹುವಿಕೆಯನ್ನು ಹೆಸರಿಸಿತ್ತು. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯು ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸುರಕ್ಷತಾ ನಿಯಮಗಳನ್ನು ವಿಧಿಸಿತು. 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗಳನ್ನು ಹೊರಗಿಟ್ಟಿತು. ಇದನ್ನು ಒಳಗೊಂಡ 2020ರ ಸಂಹಿತೆಯಲ್ಲಿ ಹತ್ತು ಮಂದಿಯ ಮಿತಿ ಉಳಿದಿದೆ. ಸ್ವಂತ ಮನೆಯ ಮಿತಿ 50 ಲಕ್ಷ ರೂಪಾಯಿಗೆ ಏರಿದೆ. ಇಬ್ಬರು ಮೂವರು ಸೇರಿ ನಡೆಸುವ ಹೆಂಚಿನ ದುರಸ್ತಿ ಹೀಗೆ ಸುರಕ್ಷತಾ ನಿಯಮಗಳ ಹೊರಗೆ ಉಳಿಯುವುದರಿಂದ, ಅಲ್ಲಿ ಎಚ್ಚರಿಕೆಯ ಹೊಣೆ ಹೆಚ್ಚಾಗಿ ಮನೆಯವರ ಮತ್ತು ಮೇಸ್ತ್ರಿಯ ಮೇಲೆ ಬೀಳುತ್ತದೆ.

18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಅರ್ಹರು. ಅಪಘಾತ ಪರಿಹಾರ ಮಂಡಳಿಯ ಸೌಲಭ್ಯಗಳಲ್ಲೊಂದು.

ಬಿದ್ದಾಗ ಮಾಡಬೇಕಾದುದು

ಬಿದ್ದವರನ್ನು ಎತ್ತಿ ಕೂರಿಸಬಾರದು, ನೀರು ಕುಡಿಸಬಾರದು. ಬೆನ್ನುಮೂಳೆಗೆ ಪೆಟ್ಟಾಗಿರಬಹುದಾದ್ದರಿಂದ ತಲೆ ಮತ್ತು ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಪಟ್ಟಿಯಲ್ಲಿ ತೂಗಾಡುತ್ತಿರುವವರನ್ನು ತಡಮಾಡದೆ ಕೆಳಗಿಳಿಸಬೇಕು. ಹೆಚ್ಚು ಹೊತ್ತು ನೇತಾಡಿದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಾಪಾಯವಾಗಬಹುದು. ಆದುದರಿಂದ ಮಾಡಿನ ಮೇಲೆ ಒಬ್ಬರು ಕೆಲಸ ಮಾಡುವಾಗ ನೆಲದ ಮೇಲೆ ಮತ್ತೊಬ್ಬರು ಇರುವುದು ಅವಶ್ಯ.