ವಾರಂಟಿಯ ಲೆಕ್ಕ: ಸರಕಿನ ಬಾಳಿಕೆಯ ಗಣಿತದ ಚರಿತ್ರೆ

ಮಾರಾಟವಾದ ಸರಕು ಅಂಗಡಿಯಿಂದ ಹೊರಬಿದ್ದರೂ ತಯಾರಕನ ಲೆಕ್ಕದ ಪುಸ್ತಕದಿಂದ ಹೊರಬೀಳುವುದಿಲ್ಲ. ವಾರಂಟಿ ಮುಗಿಯುವವರೆಗೂ ಅದು ಕೆಟ್ಟು ಮರಳಿ ಬರಬಹುದು. ಇದಕ್ಕೆಂದು ಮೊದಲೇ ಎಷ್ಟು ಹಣ ತೆಗೆದಿಡಬೇಕು? ಕಡಿಮೆ ಇಟ್ಟರೆ ಮುಂದಿನ ವರ್ಷಗಳ ಲಾಭ ಕರಗುತ್ತದೆ. ಹೆಚ್ಚು ಇಟ್ಟರೆ ಅದರ ಭಾರ ಬೆಲೆಯ ರೂಪದಲ್ಲಿ ಕೊಳ್ಳುವವನ ಮೇಲೆ ಬೀಳುತ್ತದೆ. ಈ ಪ್ರಶ್ನೆಗೆ ಗಣಿತದ ಉತ್ತರ ರೂಪುಗೊಂಡದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ, ಅದೂ ಬೇರೆ ಉದ್ದೇಶಕ್ಕೆ ಹುಟ್ಟಿದ ಸಾಧನಗಳಿಂದ.

ಸ್ವೀಡನ್ನಿನ ಎಂಜಿನಿಯರ್ ವಾಲೋಡಿ ವೈಬುಲ್ 1939ರಲ್ಲಿ ಪದಾರ್ಥಗಳ ಬಲವನ್ನು ಕುರಿತು ಯೋಚಿಸಿದಾಗ ಅವನ ಮುಂದಿದ್ದ ಚಿತ್ರ ಸರಪಳಿಯದು: ಅತಿ ದುರ್ಬಲ ಕೊಂಡಿ ಕಡಿದರೆ ಸರಪಳಿಯೇ ಕಡಿದಂತೆ. 1951ರ ಪ್ರಬಂಧದಲ್ಲಿ ಅವನು ತನ್ನ ಸೂತ್ರವನ್ನು ಉಕ್ಕು, ಹಾರುಬೂದಿ, ಹುರುಳಿಕಾಯಿ ಬೀಜದ ಅಗಲ ಇವುಗಳಿಗೆಲ್ಲ ಅನ್ವಯಿಸಿ ತೋರಿಸಿದ. ಆ ಉದಾಹರಣೆಗಳಲ್ಲಿ ಭಾರತದ ಹತ್ತಿಯ ಎಳೆಯ ಬಲವೂ ಒಂದೆಂಬುದು ಇಲ್ಲಿನ ಓದುಗರಿಗೆ ಕುತೂಹಲಕರ. ಸೂತ್ರದ ಆಕಾರ ಸಂಖ್ಯೆ 1ಕ್ಕಿಂತ ಕಡಿಮೆಯಿದ್ದರೆ ವಸ್ತು ಆರಂಭದಲ್ಲೇ ಹೆಚ್ಚು ಕೆಡುತ್ತದೆ. 1ಕ್ಕಿಂತ ಹೆಚ್ಚಾದರೆ ಸವೆದು ಕೆಡುತ್ತದೆ. ಸರಿಯಾಗಿ 1 ಆದರೆ ಹಳೆಯದಕ್ಕೂ ಹೊಸದಕ್ಕೂ ಭೇದವಿಲ್ಲ. ಈ ಕೊನೆಯದೇ ಘಾತೀಯ ವಿತರಣೆ. ಎಪ್‌ಸ್ಟೈನ್ ಮತ್ತು ಸೋಬೆಲ್ 1953ರಲ್ಲಿ ಬಾಳಿಕೆಯ ಪರೀಕ್ಷೆಗೆ ಇದನ್ನೇ ಆಧಾರವಾಗಿಟ್ಟುಕೊಂಡರು. ಲೆಕ್ಕ ಸುಲಭವಾದ್ದರಿಂದ ಅದು ಬೇಗ ರೂಢಿಯಾಯಿತು.

1969ರಲ್ಲಿ ಮೆಂಕಿ ಇದೇ ವಿತರಣೆಯನ್ನು ವಾರಂಟಿ ನಿಧಿಗೆ ಅನ್ವಯಿಸಿದ. ಬಳಸಿದ ಕಾಲವನ್ನು ಕಳೆದು ಉಳಿದ ಪಾಲನ್ನು ಗಿರಾಕಿಗೆ ಹಿಂದಿರುಗಿಸುವ ಪದ್ಧತಿ ಅವನ ವಿಷಯ. 1,000 ರೂಪಾಯಿ ಬೆಲೆಯ, ಸರಾಸರಿ 5 ವರ್ಷ ಬಾಳುವ ವಸ್ತುವಿಗೆ 1 ವರ್ಷದ ವಾರಂಟಿ ಇದೆಯೆಂದುಕೊಂಡರೆ, ಈ ವಿಧಾನದಂತೆ ಪ್ರತಿ ವಸ್ತುವಿಗೆ ಸುಮಾರು 94 ರೂಪಾಯಿ ತೆಗೆದಿಡಬೇಕು. ಅದೇ ಸರಾಸರಿಯನ್ನು ಉಳಿಸಿಕೊಂಡು ವೈಬುಲ್‌ನ ಆಕಾರ ಸಂಖ್ಯೆಯನ್ನು 2 ಮಾಡಿದರೆ ಮೊತ್ತ ಸುಮಾರು 10 ರೂಪಾಯಿಗೆ ಇಳಿಯುತ್ತದೆ, 0.5 ಮಾಡಿದರೆ 336ಕ್ಕೆ ಏರುತ್ತದೆ. ಸರಾಸರಿ ಬಾಳಿಕೆಯೊಂದನ್ನೇ ನೆಚ್ಚಿದ ಲೆಕ್ಕಿಗ ಎಡವುವುದು ಇಲ್ಲಿಯೇ.

ಬ್ಲಿಶ್ಕೆ ಮತ್ತು ಶೂಯರ್ 1975ರಲ್ಲಿ ಅಂದಾಜು ಮಾಡಿದ ಬಾಳಿಕೆಯ ವಿತರಣೆಗಳಿಂದಲೇ ವೆಚ್ಚವನ್ನು ಕಂಡುಕೊಳ್ಳುವ ದಾರಿ ತೋರಿದರು. ವಾರಂಟಿಯ ಷರತ್ತುಗಳನ್ನು ಸ್ಪಷ್ಟವಾಗಿ ತಿಳಿಸಬೇಕೆನ್ನುವ ಮ್ಯಾಗ್ನುಸನ್–ಮಾಸ್ ಕಾಯಿದೆ ಅಮೆರಿಕದಲ್ಲಿ ಬಂದದ್ದೂ ಆ ವರ್ಷವೇ. ದುರಸ್ತಿಯಾದ ಯಂತ್ರ ಹೊಸದಾಗುವುದಿಲ್ಲ, ಕೆಡುವ ಮುನ್ನ ಇದ್ದ ಸ್ಥಿತಿಗೆ ಮರಳುತ್ತದಷ್ಟೇ ಎಂಬ ಬಾರ್ಲೋ ಮತ್ತು ಹಂಟರ್ ಅವರ 1960ರ ಕಲ್ಪನೆಯೂ ಈ ಅಧ್ಯಯನದೊಳಕ್ಕೆ ಬಂದಿತು. ಬ್ಲಿಶ್ಕೆ ಮತ್ತು ಪ್ರಭಾಕರ ಮೂರ್ತಿ 1994ರ ಗ್ರಂಥದಲ್ಲಿ ಚದುರಿದ್ದ ಮಾದರಿಗಳನ್ನು ಒಂದೆಡೆ ತಂದರು. ಮೂರ್ತಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದವರು.

ಮಾದರಿ ಎಷ್ಟೇ ಸೂಕ್ಷ್ಮವಾದರೂ ಅಂಕಿಅಂಶಗಳ ತೊಡಕು ಬೇರೆಯದು. ವಾರಂಟಿ ಮುಗಿದ ಮೇಲೆ ವಸ್ತು ಕೆಟ್ಟರೆ ತಯಾರಕನಿಗೆ ಸುದ್ದಿ ಮುಟ್ಟುವುದು ಅಪರೂಪ. ಅವಧಿಯೊಳಗೆ ಕೆಟ್ಟದ್ದರ ವರದಿಯೂ ತಡವಾಗಿ ಬರುತ್ತದೆ. ಕಾಲ್ಬ್‌ಫ್ಲೈಶ್, ಲಾಲೆಸ್ ಮತ್ತು ರಾಬಿನ್‌ಸನ್ 1991ರಲ್ಲಿ ಈ ವಿಳಂಬವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಮುಂಬರುವ ಕ್ಲೇಮುಗಳನ್ನು ಅಂದಾಜಿಸುವ ವಿಧಾನ ರೂಪಿಸಿದರು. ಆದರೆ ರಸೀದಿ ಕಳೆದುಹೋದುದರಿಂದಲೋ ಅಲೆದಾಟಕ್ಕೆ ಬೇಸತ್ತೋ ಕ್ಲೇಮು ಮಾಡದೆ ಉಳಿದವರ ಕೆಟ್ಟ ಸರಕು ಆ ದಾಖಲೆಗಳಲ್ಲಿ ಕೆಡದ ಸರಕಾಗಿಯೇ ಎಣಿಕೆಯಾಗುತ್ತದೆ.