ತೋಪಿಲ್ಲದ ಟ್ಯಾಂಕು: ವಾರ್ಸಾದಿಂದ ಕೆಜಿಎಫ್‌ಗೆ

ಆಗಸ್ಟ್ 15 ಪೋಲೆಂಡಿಗೂ ಹಬ್ಬ. 1920ರ ವಾರ್ಸಾ ಕದನದ ಗೆಲುವಿನ ನೆನಪಿಗೆ ಅಲ್ಲಿ ಅಂದು ಸೇನಾ ದಿನ. 2023ರ ಪಥಸಂಚಲನದಲ್ಲಿ ಅಮೆರಿಕದ ಅಬ್ರಾಮ್ಸ್, ಕೊರಿಯಾದ ಕೆ2 ಟ್ಯಾಂಕುಗಳು ಸಾಗಿದವು.

ಪೋಲೆಂಡಿನದೇ ಒಂದು ಕವಚ ವಾಹನ ನಮ್ಮ ಕೋಲಾರ ಜಿಲ್ಲೆಗೂ ಬಂದಿದೆ. ನಾಗಸಂದ್ರದಲ್ಲಿ ನಾವು ಹತ್ತುವ ಮೆಟ್ರೊಗೆ ಮೊದಲ ಹಂತದ ರೈಲುಗಳನ್ನು ಕೊಟ್ಟ ಬೆಮೆಲ್ ಕಂಪನಿಯೇ, ಪೋಲೆಂಡಿನ ಬುಮಾರ್ ಜತೆಗೂಡಿ ಕೆಜಿಎಫ್ ಘಟಕದಲ್ಲಿ ಡಬ್ಲ್ಯುಝಡ್‌ಟಿ-3 ತಯಾರಿಸಿತು. ಒಡಲು ಟಿ-72 ಟ್ಯಾಂಕಿನದು. ತೋಪಿನ ಬದಲು ಕ್ರೇನ್. ಕೆಟ್ಟು ನಿಂತ, ಕೆಸರಲ್ಲಿ ಹೂತ ಟ್ಯಾಂಕನ್ನು ಎಳೆದು ತರುವುದು ಅದರ ಕೆಲಸ.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನಲ್ಲಿ ಉಳಿದ ದೊಡ್ಡ ಕಾರ್ಖಾನೆ ಇದು. ಪಥಸಂಚಲನದಲ್ಲಿ ಚಪ್ಪಾಳೆ ತೋಪಿಗೆ. ಹೂತದ್ದನ್ನು ಎತ್ತುವ ಗಾಡಿಯನ್ನೂ ಅದನ್ನು ಜೋಡಿಸಿದ ಕಾರ್ಮಿಕರನ್ನೂ ಚರಿತ್ರೆಗೆ ಸೇರಿಸುವ ಕೆಲಸ ನಮ್ಮಂಥ ವರದಿಗಾರರದು.